ಅರ್ಧ ಇಳಿದ ಶಟರಿನ ಮುಂದೆ ಒಂದು ಜೊತೆ ಚಪ್ಪಲಿ

ಬೆಳಗಿನ ಐದು ಮುಕ್ಕಾಲು. ಬನಶಂಕರಿ ಎರಡನೇ ಹಂತದ ದರ್ಶಿನಿಯೊಂದರ ಎದುರು, ರಸ್ತೆಯ ಆಚೆ ಬದಿಯಲ್ಲಿ, ನೀಲಗಂಗಮ್ಮ ಫೋನನ್ನು ಎರಡೂ ಕೈಗಳಲ್ಲಿ ಹಿಡಿದು ನಿಂತಿದ್ದಾರೆ. ಬೋರ್ಡಿನ ದೀಪ ಇನ್ನೂ ಉರಿಯುತ್ತಿದೆ. ಅದು ಆರುವ ಮೊದಲು, ವಾಯುವಿಹಾರ ಮುಗಿಸಿದವರು ಕಾಫಿಗೆ ಮುತ್ತಿಕೊಳ್ಳುವ ಮೊದಲು ಅವರಿಗೆ ಒಂದು ಚಿತ್ರ ಬೇಕು. ಅದರಲ್ಲಿ ಬೋರ್ಡು ಪೂರ್ತಿ ಕಾಣಬೇಕು, ಬಾಗಿಲು ಕಾಣಬೇಕು, ಮನುಷ್ಯರ ಮುಖ ಮಾತ್ರ ಕಾಣಬಾರದು.

ನಿಂತು ತಿನ್ನುವ ಮೇಜುಗಳನ್ನು ಒರೆಸಲು ಹೊರಬಂದ ಕಾಫಿ ಕೌಂಟರಿನ ವೆಂಕಟಸ್ವಾಮಿ ಅವರನ್ನು ನೋಡಿ ನಗುತ್ತಾರೆ.

"ಏನ್ ನೀಲಕ್ಕ, ಇವತ್ತೂ ಫೋಟೋಗೆ ನಾನ್ ಬೇಡ್ವಾ?"

"ಒಂಚೂರು ಒಳಗ್ ಹೋಗಣ್ಣ. ನಿನ್ ಮುಖ ಬಂದ್ರೆ ಕಂಪನಿಯವ್ರು ವಾಪಸ್ ಕಳ್ಸ್ತಾರೆ."

"ಮನೇಲೂ ಇದೇ ಮಾತು, ಇಲ್ಲೂ ಇದೇ ಮಾತು! ಆಯ್ತು, ತೆಗೆದಾದ್ಮೇಲೆ ಬಾ, ಸ್ಟ್ರಾಂಗ್ ಆಗಿ ಒಂದು ಹಾಕಿರ್ತೀನಿ."

ಚಿತ್ರ ತೆಗೆದು, ಫೋನಿನಲ್ಲಿ ಮೂಡಿದ ಮೂರು ಗುಂಡಿಗಳಲ್ಲಿ ಮೊದಲನೆಯದನ್ನು ನೀಲಗಂಗಮ್ಮ ಒತ್ತುತ್ತಾರೆ. ಅದು 'ತೆರೆದಿದೆ'. ಎರಡನೆಯದು 'ತಾತ್ಕಾಲಿಕವಾಗಿ ಮುಚ್ಚಿದೆ'. ಮೂರನೆಯದು 'ಶಾಶ್ವತವಾಗಿ ಮುಚ್ಚಿದೆ'. ನಮ್ಮ ಊರಿನ ಒಂದು ಅಂಗಡಿ ಬದುಕಿದೆಯೋ ಇಲ್ಲವೋ ಎಂಬುದನ್ನು ಇಂದು ಈ ಮೂರು ಗುಂಡಿಗಳು ನಿರ್ಧರಿಸುತ್ತವೆ. ನಾವು ಫೋನಿನ ನಕ್ಷೆಯಲ್ಲಿ ಹೋಟೆಲು ಹುಡುಕುತ್ತೇವೆ, ಅದು ತೆರೆದಿದೆಯೆಂದು ಓದಿ ಹೊರಡುತ್ತೇವೆ. ಆ ಒಂದು ಪದವನ್ನು ಬರೆಯಲು ಯಾರೋ ಒಬ್ಬರು ಅಲ್ಲಿಯವರೆಗೆ ನಡೆದು ಹೋಗಿದ್ದರು ಎಂಬುದು ನಮಗೆ ಹೊಳೆಯುವುದೇ ಇಲ್ಲ.

ನೀಲಗಂಗಮ್ಮನವರಿಗೆ ನಲವತ್ತಾರು ವರ್ಷ. ಮನೆ ಕತ್ರಿಗುಪ್ಪೆಯಲ್ಲಿ. ಹದಿನಾಲ್ಕು ವರ್ಷ ಅಲ್ಲಿಯೇ ಒಂದು ಸ್ಟುಡಿಯೋದಲ್ಲಿ ದುಡಿದವರು. ಪಾಸ್‌ಪೋರ್ಟ್ ಅಳತೆಯ ಚಿತ್ರ ತೆಗೆಯುವುದು, ಮದುವೆಯ ಆಲ್ಬಮ್ಮಿಗೆ ಚಿತ್ರ ಜೋಡಿಸುವುದು, ತೀರಿಕೊಂಡವರ ಹಳೆಯ ಚಿತ್ರವನ್ನು ಗೋಡೆಗೆ ತೂಗುಹಾಕುವಷ್ಟು ದೊಡ್ಡದು ಮಾಡುವುದು ಅವರ ಕೆಲಸವಾಗಿತ್ತು. ಎಲ್ಲರ ಕೈಗೂ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋ ಉಳಿಯಲಿಲ್ಲ. ಪತಿ ಶಿವರಾಜ್ ಶಾಲಾ ವಾಹನ ಓಡಿಸುತ್ತಾರೆ. ಮಗಳು ಸಿರಿ ಪಿಯುಸಿಯಲ್ಲಿ ಓದುತ್ತಿದ್ದಾಳೆ. ಅಂಗಡಿಗಳ ವಿವರವನ್ನು ಸಂಗ್ರಹಿಸಿ ನಕ್ಷೆಯವರಿಗೂ ಮನೆಬಾಗಿಲಿಗೆ ಊಟ ತಲುಪಿಸುವವರಿಗೂ ಮಾರುವ ಒಂದು ಸಂಸ್ಥೆಗೆ ನೀಲಗಂಗಮ್ಮ ಎರಡು ವರ್ಷ ಎಂಟು ತಿಂಗಳಿಂದ ಚಿತ್ರ ತೆಗೆದುಕೊಡುತ್ತಿದ್ದಾರೆ. ಅವರು ಅಲ್ಲಿನ ನೌಕರರಲ್ಲ. ಅವರಿಗಿರುವುದು ಒಂದು ಐಡಿ, ಅಂದರೆ ಫೋನಿನೊಳಗಿನ ಒಂದು ಸಂಖ್ಯೆ. ಅದಿದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ.

ದಿನಕ್ಕೆ ಅರವತ್ತು ಅಂಗಡಿಗಳು. ಒಂದೊಂದಕ್ಕೂ ಒಂದು ಚಿತ್ರ, ನಾಲ್ಕು ನಿಮಿಷ. ಬಸ್ಸು ಬಿಟ್ಟು ಬರಿಯ ನಡಿಗೆಯೇ ಹದಿನಾಲ್ಕು ಕಿಲೋಮೀಟರು. ಬನಶಂಕರಿಯಲ್ಲಿ ಆರಂಭಿಸಿ, ಜೆ.ಪಿ. ನಗರ, ಪುಟ್ಟೇನಹಳ್ಳಿ ಹಾದು, ಬಿಟಿಎಂ ಕಡೆ ಒಂದು ಸುತ್ತು ಹಾಕಿ, ಜಯನಗರದಲ್ಲಿ ಮುಗಿಸುವುದು ಅವರ ವಾಡಿಕೆ. ಜೊತೆಯಲ್ಲಿ ನಡೆಯುವ ವರದಿಗಾರನಿಗೆ ಅವರು ಹೇಳುತ್ತಾರೆ: "ಬ್ಯಾಗಲ್ಲಿ ಏನಿದೆ ಅಂತ ಎಲ್ರೂ ಕೇಳ್ತಾರೆ ಸಾರ್. ಒಂದು ಚಾರ್ಜರ್, ಒಂದು ಡಬ್ಬಿ ಚಿತ್ರಾನ್ನ, ಒಂದು ಶಾಲು, ಅಷ್ಟೇ."

ಆ ಶಾಲು ಏಕೆಂಬುದು ಹತ್ತು ಗಂಟೆಗೆ ಜೆ.ಪಿ. ನಗರದ ಮಾಲಿನ ಮುಂದೆ ತಿಳಿಯುತ್ತದೆ. ಮಾಲಿನ ಮುಖವೆಲ್ಲ ಗಾಜು. ಚಿತ್ರ ತೆಗೆಯುವವರ ಪ್ರತಿಬಿಂಬ ಗಾಜಿನಲ್ಲಿ ಮೂಡಿದರೆ ಸಂಸ್ಥೆ ಆ ಚಿತ್ರವನ್ನು ತಿರಸ್ಕರಿಸುತ್ತದೆ. ತಿರಸ್ಕೃತ ಚಿತ್ರಕ್ಕೆ ಕೂಲಿಯಿಲ್ಲ. ನೀಲಗಂಗಮ್ಮ ಬೂದುಬಣ್ಣದ ಶಾಲನ್ನು ತಲೆಯಿಂದ ಮೊಣಕಾಲಿನವರೆಗೆ ಹೊದ್ದು, ಎದುರಿನ ಕಾಂಕ್ರೀಟ್ ಕಂಬಕ್ಕೆ ಒತ್ತಿಕೊಂಡು ನಿಲ್ಲುತ್ತಾರೆ. ಗಾಜಿನಲ್ಲಿ ಈಗ ಕಂಬ ಮಾತ್ರ ಕಾಣುತ್ತದೆ. ಇಡೀ ದಿನ ಊರನ್ನು ತೋರಿಸುವ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ತಾನು ಮಾತ್ರ ಎಲ್ಲಿಯೂ ಕಾಣದಂತೆ ಎಚ್ಚರವಹಿಸಬೇಕಾದ ನಿಯಮವಿದು!

ಕಾವಲುಗಾರ ಓಡಿಬರುತ್ತಾನೆ. "ಆಂಟಿ, ಇಲ್ಲಿ ಫೋಟೋ ತೆಗೆಯಂಗಿಲ್ಲ."

"ಬಾಗ್ಲು ಮುಂದೆ ಅಷ್ಟು ಜನ ಸೆಲ್ಫಿ ತಗೋತಿದಾರಲ್ಲಪ್ಪ, ಅವ್ರಿಗೆ?"

"ಅವ್ರು ಅವ್ರ ಮುಖ ತೆಗೀತಾರೆ. ನೀವು ಬಿಲ್ಡಿಂಗ್ ತೆಗೀತೀರ."

"ಬಿಲ್ಡಿಂಗೇ ಚೆನ್ನಾಗಿದೆ ಕಣಪ್ಪ," ಎನ್ನುತ್ತ ಅವರು ಗುರುತಿನ ಚೀಟಿ ತೋರಿಸುತ್ತಾರೆ. ಅವನು ಅದನ್ನು ತಿರುಗಿಸಿ ನೋಡಿ, ಇಪ್ಪತ್ತು ಅಡಿ ಹಿಂದಕ್ಕೆ ಹೋಗಲು ಹೇಳುತ್ತಾನೆ. ಅವರು ಹೋಗುತ್ತಾರೆ. ಕೆಲಸ ಹೇಗೂ ಮುಗಿದಿದೆ.

ಆದರೆ ಇಂದು ಅವರ ಮನಸ್ಸು ಮಾಲಿನಲ್ಲಿಲ್ಲ. ವಾಡಿಕೆಯ ಸುತ್ತನ್ನು ಬಿಟ್ಟು ನೇರ ಜಯನಗರಕ್ಕೆ ಹೊರಟ ಬಸ್ಸಿನಲ್ಲಿ ಕುಳಿತು ಅವರು ತಮ್ಮ ಫೋನಿನ ಒಂದು ಹಳೆಯ ಚಿತ್ರವನ್ನು ತೋರಿಸುತ್ತಾರೆ. ಜಯನಗರದ ಅಡ್ಡರಸ್ತೆಯೊಂದರ ಪುಟ್ಟ ಅಂಗಡಿ. ಶಟರು ಅರ್ಧಕ್ಕೆ ಇಳಿದಿದೆ, ಒಳಗೆ ಕತ್ತಲು. ಶಟರಿನ ಕೆಳಗೆ, ಮೆಟ್ಟಿಲ ಮೇಲೆ, ಒಂದು ಜೊತೆ ಚಪ್ಪಲಿ.

"ಈ ಚಪ್ಪಲಿ ನಂಗೆ ಕಾಣ್ಲಿಲ್ಲ ಸಾರ್," ಎನ್ನುತ್ತಾರೆ. "ಮೂರು ಸಲ ಹೋದೆ, ಮೂರು ಫೋಟೋದಲ್ಲೂ ಇದೆ. ಒಂದ್ಸಲಾನೂ ಕಾಣ್ಲಿಲ್ಲ."

ಅದು ಗೌರೀಶಂಕರ ಅವರ ಅಂಗಡಿ. ಹಳೆಯ ಪುಸ್ತಕ, ಕ್ಯಾಸೆಟ್ಟು, ಸಿ.ಡಿ., ಗ್ರಾಮಫೋನ್ ತಟ್ಟೆ, ಬೈಂಡು ಮಾಡಿದ ವಾರಪತ್ರಿಕೆಗಳನ್ನು ಕೊಂಡು ಮಾರುವ ಈ ಅಂಗಡಿಗೆ ಮೂವತ್ತೆಂಟು ವರ್ಷ. ಪುಟ್ಟೇನಹಳ್ಳಿಯಿಂದ ಬಸ್ಸಿನಲ್ಲಿ ಬರುವ ಗೌರೀಶಂಕರರು ಹತ್ತಕ್ಕೆ ಸ್ವಲ್ಪ ಮೊದಲು ಬೀಗ ತೆಗೆದು, ಶಟರನ್ನು ಅರ್ಧ ಮಾತ್ರ ಎತ್ತಿ ಒಳಹೋಗುತ್ತಾರೆ. ದೀಪ ಹಾಕುವುದಿಲ್ಲ. ಕೈಕಾಲು ತೊಳೆದು, ಪುಸ್ತಕದ ಕಪಾಟುಗಳ ನಡುವೆ ಚಾಪೆ ಹಾಸಿ, ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜೆಗೆ ಕೂರುತ್ತಾರೆ. ದುಡಿಯುವ ಜಾಗದಲ್ಲಿಯೇ ಪೂಜೆ ಎಂಬುದು ಅವರ ತಂದೆಯಿಂದ ಬಂದ ಪದ್ಧತಿ. ಹತ್ತೂವರೆಯವರೆಗೆ ಮಾತಿಲ್ಲ. ಆಮೇಲೆ ಶಟರು ಮೇಲೇರುತ್ತದೆ, ರಾತ್ರಿ ಎಂಟರವರೆಗೆ ಇಳಿಯುವುದಿಲ್ಲ.

ಕಳೆದ ಮಾರ್ಚಿನಲ್ಲಿ ನೀಲಗಂಗಮ್ಮನವರ ಸುತ್ತು ಬೆಳಗ್ಗೆ ಹತ್ತರ ಹೊತ್ತಿಗೇ ಜಯನಗರ ತಲುಪುತ್ತಿತ್ತು. ಮೂರು ವಾರ, ಮೂರು ಭೇಟಿ, ಮೂರೂ ಹತ್ತು ಗಂಟೆಗೆ. "ಯಾರಾದ್ರೂ ಇದೀರಾ?" ಎಂದು ಕೂಗಿದರು. ಉತ್ತರವಿಲ್ಲ. ಮೂರು ಸಲ ಮುಚ್ಚಿದ್ದರೆ ಮೂರನೆಯ ಗುಂಡಿ ಒತ್ತಬೇಕೆಂಬುದು ನಿಯಮ, ಒತ್ತಿದರು. ನಾಲ್ಕು ನಿಮಿಷದಲ್ಲಿ ಮುಂದಿನ ಅಂಗಡಿಗೆ ಹೋದರು. ಅರ್ಧ ಗಂಟೆ ಕಾಯುವ ಅವಕಾಶವನ್ನು ಆ ನಿಯಮ ಬರೆದವರು ಯಾರಿಗೂ ಕೊಟ್ಟಿಲ್ಲ.

ಜೂನಿನಲ್ಲಿ, ಮಗಳಿಗೆ ಹಳೆಯ ಪಠ್ಯಪುಸ್ತಕ ಹುಡುಕುತ್ತ ಒಂದು ಸಂಜೆ ಅವರು ಅದೇ ರಸ್ತೆಗೆ ಬಂದರು. ಅಂಗಡಿ ತೆರೆದಿತ್ತು, ಮುದುಕರು ಕುಳಿತಿದ್ದರು, ಬೇರೆ ಗಿರಾಕಿಗಳಿರಲಿಲ್ಲ. "ಫೋನಲ್ಲಿ ನನ್ ಅಂಗ್ಡಿ ಮುಚ್ಚೋಗಿದೆ ಅಂತ ಇದ್ಯಂತಮ್ಮ, ಯಾರೂ ಬರ್ತಿಲ್ಲ," ಎಂದು ಗೌರೀಶಂಕರರೇ ಹೇಳಿದರು. ಅವರ ಬಳಿ ಇರುವುದು ಗುಂಡಿಯ ಫೋನು. ಪರಿಚಿತರಿಬ್ಬರು ತಿದ್ದಲು ಯತ್ನಿಸಿದ್ದರು. ಸ್ಥಳಕ್ಕೆ ಹೋಗಿ ತೆಗೆದ ಮೂರು ಚಿತ್ರಗಳ ಮುಂದೆ ಅವರ ಮಾತು ನಿಲ್ಲಲಿಲ್ಲ. ನೀಲಗಂಗಮ್ಮ ಪುಸ್ತಕ ಕೊಂಡು, ಏನೂ ಹೇಳದೆ ಮನೆಗೆ ಹೋದರು. ಅಲ್ಲಿ ಮಾರ್ಚಿನ ಮೂರು ಚಿತ್ರಗಳನ್ನು ಹಿಗ್ಗಿಸಿ ನೋಡಿದಾಗಲೇ ಚಪ್ಪಲಿ ಕಂಡದ್ದು.

"ಏಳು ವಾರ ಸುಮ್ನಿದ್ದೆ ಸಾರ್. ಅದನ್ನೂ ಬರೀರಿ."

ಸುಮ್ಮನಿದ್ದುದಕ್ಕೆ ಕಾರಣವಿತ್ತು. ವರ್ಷಕ್ಕೆ ಮೂರು ತಪ್ಪಾದರೆ ಐಡಿ ರದ್ದಾಗುತ್ತದೆ. ಅವರ ಲೆಕ್ಕದಲ್ಲಿ ಆಗಲೇ ಎರಡಿದ್ದವು: ಸುದ್ದಗುಂಟೆಪಾಳ್ಯದ ಬೇಕರಿಯೊಂದರ ಹೆಸರು ತಪ್ಪಾಗಿ ಬರೆದದ್ದು, ಇನ್ನೊಂದು ಕಡೆ ಗಿರಾಕಿಯ ಮುಖ ಚಿತ್ರದಲ್ಲಿ ಬಂದದ್ದು. ಇದು ಮೂರನೆಯದಾಗುತ್ತಿತ್ತು.

ಇಂದು ಹನ್ನೊಂದೂವರೆಗೆ ಅವರು ಆ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ಗೌರೀಶಂಕರರು ಒಂದು ಕ್ಯಾಸೆಟ್ಟಿನ ಸಡಿಲಾದ ಟೇಪನ್ನು ಪೆನ್ಸಿಲಿನಿಂದ ಸುತ್ತುತ್ತಿದ್ದಾರೆ. ನೀಲಗಂಗಮ್ಮ ಪೀಠಿಕೆ ಹಾಕುವುದಿಲ್ಲ.

"ಸಾರ್, ಮುಚ್ಚೋಗಿದೆ ಅಂತ ಬರ್ದಿದ್ದು ನಾನೇ."

ಪೆನ್ಸಿಲು ನಿಲ್ಲುತ್ತದೆ. "ಯಾವಾಗ ಬಂದಿದ್ರಿ?"

"ಮಾರ್ಚಲ್ಲಿ. ಮೂರು ಸಲ. ಹತ್ತು ಗಂಟೆಗೆ."

"ಮೂರು ಸಲ! ಒಂದ್ಸಲಾನಾದ್ರೂ ಬಗ್ಗಿ ನೋಡ್ಬಾರ್ದಾ ತಾಯಿ?"

"ಕೂಗಿದ್ದೆ ಸಾರ್."

"ಕೇಳಿಸ್ತು. ಯಾರೋ ಹೆಂಗಸು ಕೂಗ್ತಾರೆ ಅಂತ ಗೊತ್ತಾಯ್ತು. ಪೂಜೇಲಿ ಕೂತೋನು ಓ ಅಂತೀನಾ?"

"ನಮ್ಮಪ್ಪನೂ ಅಂತಿರ್ಲಿಲ್ಲ ಸಾರ್. ನಮ್ಮನೇಲೂ ದಿನಾ ಲಿಂಗಪೂಜೆ. ಚಪ್ಪಲಿ ಹೊರಗಿದ್ರೆ ಅಪ್ಪ ಒಳಗಿದಾರೆ, ಮಾತಾಡಿಸ್ಬಾರ್ದು ಅಂತ ಚಿಕ್ಕೋರಿದ್ದಾಗ್ಲೇ ಗೊತ್ತು."

"ಗೊತ್ತಿದ್ದೂ?"

ನೀಲಗಂಗಮ್ಮ ಫೋನಿನಲ್ಲಿ ಆ ಹಳೆಯ ಚಿತ್ರವನ್ನು ತೆರೆದು ಅವರ ಮುಂದಿಡುತ್ತಾರೆ. ಗೌರೀಶಂಕರರು ಚಿತ್ರ ನೋಡಿ, ಕ್ಯಾಸೆಟ್ಟನ್ನು ಪಕ್ಕಕ್ಕಿಡುತ್ತಾರೆ. ಆಮೇಲೆ, "ಐದು ತಿಂಗಳು," ಎನ್ನುತ್ತಾರೆ. "ಮೈಸೂರಿಂದ ಪ್ರತಿ ತಿಂಗಳು ಬರ್ತಿದ್ದ ಮೇಷ್ಟ್ರೊಬ್ರು ಬರ್ಲೇ ಇಲ್ಲ. ನಾನು ತೀರ್ಕೊಂಡೆ ಅಂದ್ಕೊಂಡ್ರೋ ಏನೋ." ಕ್ಷಮಿಸಿದೆ ಎಂದು ಅವರು ಹೇಳುವುದಿಲ್ಲ. ಸ್ಟೂಲನ್ನು ಮುಂದಕ್ಕೆ ತಳ್ಳುತ್ತಾರೆ. "ಕೂತ್ಕೊಳ್ಳಿ. ನಿಂತ್ಕೊಂಡೇ ಎಷ್ಟೊತ್ತು ಮಾತಾಡ್ತೀರ."

ತಿದ್ದುಪಡಿಯ ಅರ್ಜಿಯನ್ನು ನೀಲಗಂಗಮ್ಮ ಅಲ್ಲಿಯೇ ತುಂಬತೊಡಗುತ್ತಾರೆ. ಕಾರಣದ ಜಾಗದಲ್ಲಿ ಎರಡೇ ಆಯ್ಕೆಗಳು: 'ಅಂಗಡಿ ಮತ್ತೆ ತೆರೆಯಿತು', 'ಹಿಂದಿನ ಮಾಹಿತಿ ತಪ್ಪು'. ಮೊದಲನೆಯದನ್ನು ಒತ್ತಿದರೆ ಯಾರ ಲೆಕ್ಕಕ್ಕೂ ತಪ್ಪು ಸೇರುವುದಿಲ್ಲ. ಎರಡನೆಯದನ್ನು ಒತ್ತಿದರೆ ಸೇರುತ್ತದೆ. ಅವರು ಮೇಲ್ವಿಚಾರಕ ಮನೋಜ್‌ಗೆ ಕರೆ ಮಾಡುತ್ತಾರೆ. ಆತನ ಧ್ವನಿ ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿಸುತ್ತದೆ.

"ಅಕ್ಕ, ಮತ್ತೆ ತೆರೆಯಿತು ಅಂತ ಒತ್ತಿ, ಮುಗೀತು. ಅಂಕಲ್‌ಗೂ ಲಾಸ್ ಇಲ್ಲ, ನಿಮ್ಗೂ ಲಾಸ್ ಇಲ್ಲ. ಸುಮ್ನೆ ಯಾಕೆ ತಲೆ ಕೊಡ್ತೀರ?"

ಗೌರೀಶಂಕರರು ಕಪಾಟಿನ ಕಡೆ ತಿರುಗಿಕೊಂಡೇ ಹೇಳುತ್ತಾರೆ: "ಮುಚ್ಚಿದ್ದೇ ಇಲ್ಲ. ಮತ್ತೆ ತೆರೆಯೋದು ಎಲ್ಲಿಂದ ಬಂತು?" ಆಮೇಲೆ ಇತ್ತ ತಿರುಗಿ, "ನಿಮಗೆ ಕಷ್ಟ ಆಗೋ ಹಾಗಿದ್ರೆ ಅದನ್ನೇ ಒತ್ತಿ ತಾಯಿ. ನಂಗೆ ಗಿರಾಕಿ ಬಂದ್ರೆ ಸಾಕು," ಎಂದೂ ಸೇರಿಸುತ್ತಾರೆ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ತಪ್ಪು ಮಾಡಿದೆನೆಂದು ಒಪ್ಪಿದ ಮಗುವನ್ನು ಹೊಡೆಯಬಾರದೆಂದು ನಮ್ಮ ಶಾಲೆಗಳು ಎಂದೋ ಕಲಿತಿವೆ. ಹೊಡೆದರೆ ಆ ಮಗು ಕಲಿಯುವುದು ಸುಳ್ಳನ್ನೇ. ಸುಳ್ಳು ಹೇಳುವವರಿಗೆ ಕೆಲಸವನ್ನೂ ನಿಜ ಹೇಳುವವರಿಗೆ ಶಿಕ್ಷೆಯನ್ನೂ ಇಟ್ಟಿರುವ ಅರ್ಜಿಯೊಂದನ್ನು ಓದುಬರಹ ಬಲ್ಲವರು ಕುಳಿತು ರಚಿಸಿದ್ದಾರೆ. ಅದಕ್ಕೆ ಅವರು ಲಜ್ಜೆಪಡಬೇಕು. ಮೂರು ಚಿತ್ರಗಳಲ್ಲಿಯೂ ಇದ್ದ ಚಪ್ಪಲಿಯನ್ನು ಸಂಸ್ಥೆಯ ಕಡೆಯ ಒಬ್ಬರೂ ನೋಡಲಿಲ್ಲ. ನೋಡದಿದ್ದ ಅವರ ಲೆಕ್ಕಕ್ಕೆ ಯಾವ ತಪ್ಪೂ ಸೇರಲಿಲ್ಲ.

ನೀಲಗಂಗಮ್ಮ ಹೊರಗೆ ಹೋಗಿ ರಸ್ತೆಯ ಆಚೆ ನಿಲ್ಲುತ್ತಾರೆ. ಚಿತ್ರಕ್ಕೆ ಅಡ್ಡಿಯಾದೀತೆಂದು ಗೌರೀಶಂಕರರು ಮೆಟ್ಟಿಲ ಮೇಲಿನ ಚಪ್ಪಲಿಯನ್ನು ತೆಗೆಯಲು ಬಗ್ಗುತ್ತಾರೆ.

"ಇರ್ಲಿ ಬಿಡಿ ಸಾರ್. ಅದು ಅಲ್ಲೇ ಇರ್ಲಿ. ನೀವು ಒಂಚೂರು ಒಳಗ್ ಹೋಗಿ."

ಚಿತ್ರ ತೆಗೆಯುತ್ತಾರೆ. ಫೋನಿನ ಮೇಲೆ ಬಿಸಿಲು ಬೀಳದಂತೆ ಶಾಲನ್ನು ಮರೆಯಾಗಿ ಹಿಡಿದು, ಎರಡನೆಯ ಆಯ್ಕೆಯನ್ನು ಒತ್ತಿ ಕಳುಹಿಸುತ್ತಾರೆ. ಅಂದಿನ ಪಟ್ಟಿಯಲ್ಲಿ ಇನ್ನೂ ಇಪ್ಪತ್ಮೂರು ಅಂಗಡಿಗಳಿವೆ. "ಐಡಿ ನಿಲ್ಲೋ ತನಕ ಮಾಡೋಣ ಸಾರ್," ಎಂದು ನಡೆಯತೊಡಗುತ್ತಾರೆ.

ಐಡಿ ನಾಲ್ಕನೆಯ ದಿನ ನಿಲ್ಲುತ್ತದೆ. ಒಂಬತ್ತನೆಯ ದಿನ ನಕ್ಷೆ ಸರಿಯಾಗುತ್ತದೆ. ಎರಡು ವಾರದ ಮೇಲೆ ಕತ್ರಿಗುಪ್ಪೆಯ ಮನೆಗೆ ಹೋದಾಗ ನೀಲಗಂಗಮ್ಮ ಗೋಡೆಗೆ ಬಿಳಿಯ ಬಟ್ಟೆ ಕಟ್ಟಿ, ನೆರೆಮನೆಯ ಸಿದ್ದಗಂಗಮ್ಮನವರ ಪಿಂಚಣಿ ಅರ್ಜಿಗೆ ಚಿತ್ರ ತೆಗೆಯುತ್ತಿದ್ದಾರೆ. ಬಹಳ ದಿನಗಳ ನಂತರ ಅವರ ಚೌಕಟ್ಟಿನೊಳಗೆ ಒಂದು ಮುಖವಿದೆ.

"ನಗ್ಬೇಡಿ ಅಜ್ಜಿ, ಆಫೀಸಲ್ಲಿ ತಗೊಳಲ್ಲ."

"ನಗೋಕೆ ಹಲ್ಲೆಲ್ಲಿದೆ ನಂಗೆ? ನೀನು ತೆಗಿ."

ಮೇಲ್ಮನವಿ ಸಲ್ಲಿಸಿದ್ದಾರೆ, ಉತ್ತರ ಬಂದಿಲ್ಲ. ಬಂದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಅವರು ಮಗಳ ನೋಟ್‌ಬುಕ್ಕಿನ ಹಾಳೆಯೊಂದನ್ನು ತೆಗೆಯುತ್ತಾರೆ. ಎರಡು ವರ್ಷ ಎಂಟು ತಿಂಗಳಲ್ಲಿ ತಾವು 'ಶಾಶ್ವತವಾಗಿ ಮುಚ್ಚಿದೆ' ಎಂದು ಬರೆದ ನೂರಾ ಹನ್ನೆರಡು ಅಂಗಡಿಗಳ ಚಿತ್ರಗಳನ್ನು ಅವರು ಈ ದಿನಗಳಲ್ಲಿ ಒಂದೊಂದಾಗಿ ಹಿಗ್ಗಿಸಿ ನೋಡಿದ್ದಾರೆ. ಗೌರೀಶಂಕರರದ್ದನ್ನು ಬಿಟ್ಟು, ಶಟರಿನ ಮುಂದೆ ಚಪ್ಪಲಿಯಿರುವವು ಇನ್ನೂ ನಾಲ್ಕು, ಅವುಗಳ ಹೆಸರು ಆ ಹಾಳೆಯಲ್ಲಿವೆ. ನಾಲ್ಕಕ್ಕೂ ಈಗಾಗಲೇ ನಡೆದುಕೊಂಡೇ ಹೋಗಿ ಬಂದಿದ್ದಾರೆ. ಈ ನಡಿಗೆಗೆ ಐಡಿ ಬೇಕಿಲ್ಲ.

"ಮೂರು ನಿಜವಾಗ್ಲೂ ಮುಚ್ಚೋಗಿದೆ ಸಾರ್, ಪಕ್ಕದೋರ ಚಪ್ಪಲಿ ಅದು. ಒಂದು ಇದೆ. ಬಿಟಿಎಂ ಹತ್ರ, ಟೈಲರ್ ಶಾಪು, ಮಧ್ಯಾಹ್ನ ಶಟರ್ ಇಳಿಸ್ಕೊಂಡು ಊಟ ಮಾಡ್ತಾರೆ." ಅವರು ಹಾಳೆಯನ್ನು ಮಡಚಿ ಫೋನಿನ ಕವಚದೊಳಗೆ ಇಡುತ್ತಾರೆ. "ಐಡಿ ಒಂದು ದಿನಕ್ಕೆ ಕೊಟ್ರೂ ಸಾಕು. ಅದೊಂದು ತೆರೆದಿದೆ ಅಂತ ಬರೀಬೇಕು."