ಹುಸೇನ ಕಾಕಾನ ಥಂಡಿ ಮಶೀನು

ಮೊನ್ನೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವಾಗ ಕಾರಿನ ಎಸಿ ಶುರುವೇ ಆಗಲಿಲ್ಲ. ಹಿಂದಿನ ಸೀಟಿನಲ್ಲಿ ಹದಿನೈದು ದಿನದ ಕೂಸಿನೊಂದಿಗೆ ಮೊಮ್ಮಗಳು, ಪಕ್ಕದಲ್ಲಿ ನಾನು. ಲಕಮನಹಳ್ಳಿಯ ಗ್ಯಾರೇಜಿನವನು ಫ್ಯೂಜು ಕಿತ್ತು, ಒಂದು ಕಣ್ಣು ಮುಚ್ಚಿ, ಬಿಸಿಲಿಗೆ ಹಿಡಿದು ನೋಡತೊಡಗಿದ. ಅದನ್ನು ಕಂಡದ್ದೇ ತಡ, ನನ್ನ ಮೂಗಿಗೆ ಒದ್ದೆ ಲಾವಂಚದ ವಾಸನೆ ಬಡಿಯಿತು. ಗ್ಯಾರೇಜಿನಲ್ಲಿ ಲಾವಂಚ ಎಲ್ಲಿಂದ ಬರಬೇಕು ಹೇಳಿ! ವಯಸ್ಸಾದ ಮೇಲೆ ಮೂಗೂ ತನಗೆ ಬೇಕಾದಲ್ಲಿ ತಿರುಗಾಡುತ್ತದೆ.

ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲಿ ಹುಸೇನ ಕಾಕಾ ಬಾಡಿಗೆ ಮೋಟಾರು ಓಡಿಸುತ್ತಿದ್ದ, ರಿಪೇರಿಯೂ ಅವನದೇ. ಎರಡನೇ ಮಹಾಯುದ್ಧ ಮುಗಿದ ಮೇಲಿನ ಬೇಸಿಗೆ ಅದು. ಆಗ ಮೋಟಾರಿನಲ್ಲಿ ಕಿಟಕಿ ತೆರೆದರೆ ಬರುತ್ತಿದ್ದುದು ಬಿಸಿಗಾಳಿ ಮತ್ತು ಧೂಳು. ಕಾಕಾ ಹಿಂದಿನ ಕಿಟಕಿಗೆ ಲಾವಂಚದ ಬೇರಿನ ತಟ್ಟಿ ಕಟ್ಟಿ, ಮೋಟಾರಿನ ನೆತ್ತಿಯ ಮೇಲೆ ನೀರಿನ ಡಬ್ಬಿ ಇಟ್ಟು, ತಟ್ಟಿಯ ಮೇಲಂಚಿಗೆ ನಾಲ್ಕು ತೂತಿನ ಕೊಳವೆ ಜೋಡಿಸಿದ್ದ. ನಳ ತಿರುವಿದರೆ ನೀರು ಹನಿಯುತ್ತಿತ್ತು. ಗಾಡಿ ಓಡಿದಂತೆ ಗಾಳಿ ಒದ್ದೆ ತಟ್ಟಿ ಹಾದು ತಣ್ಣಗೆ ಬರುತ್ತಿತ್ತು. ಅದಕ್ಕೆ ‘ಥಂಡಿ ಮಶೀನು’ ಎಂದು ಹೆಸರನ್ನೂ ಇಟ್ಟಿದ್ದ. ನೋಡಿ ನಕ್ಕವರೇ ಏರಿ ಕೂತ ಮೇಲೆ ಇಳಿಯಲು ಒಲ್ಲೆ ಎನ್ನುತ್ತಿದ್ದರು.

ನನ್ನ ಅಕ್ಕ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹಡೆದಿದ್ದಳು. ಅವಳನ್ನು ಧಾರವಾಡಕ್ಕೆ ಕರೆತರಲು ಅಪ್ಪ ಕಾಕಾನ ಮೋಟಾರನ್ನೇ ಗೊತ್ತು ಮಾಡಿದ್ದರು. ಜೊತೆಗೆ ಹೋದವರು ಅಜ್ಜಿ ಮತ್ತು ಹತ್ತು ವರ್ಷದ ನಾನು. ಆಸ್ಪತ್ರೆಯಿಂದ ಹೊರಡುವ ಮುಂಚೆ ಅಜ್ಜಿ ಎಲ್ಲರಿಗಿಂತ ಮೊದಲು ಹತ್ತಿ ಕೂತಳು. ಕೂತವಳೇ ಚೀಲದಿಂದ ದೇವರ ಹೂಬತ್ತಿಗಳನ್ನು ತೆಗೆದು, ತಟ್ಟಿಯ ಸಂದಿಯಿಂದ ಕೈ ಚಾಚಿ, ಕೊಳವೆಯ ತೂತುಗಳಿಗೆ ಒಂದೊಂದಾಗಿ ತುರುಕಿದಳು. ಬಾಣಂತಿಗೆ ತಣ್ಣನೆ ಗಾಳಿ ತಾಗಬಾರದು, ಅಷ್ಟೇ. ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟಳು. ನನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಿದ್ದರು. ಅವತ್ತೇ ಅದನ್ನು ಸುಳ್ಳು ಮಾಡುವ ಹಟ ನನಗೆ ಬಂದುಬಿಟ್ಟಿತು.

ಒಣಗಿದ ತಟ್ಟಿ ಇದ್ದಬದ್ದ ಗಾಳಿಯನ್ನೂ ತಡೆಯಿತು. ರಾಯಾಪುರ ಬರುವಷ್ಟರಲ್ಲಿ ಒಳಗೆ ಕಾದ ಹಂಚಿನಂತಾಗಿತ್ತು. ಅಕ್ಕ ಬೆವತು ಒರಗಿದಳು, ಕೂಸಿನ ದನಿ ಅತ್ತು ಅತ್ತು ಬಿದ್ದುಹೋಯಿತು. ಕಾಕಾ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದ.

“ಡಬ್ಬಿ ತುಂಬೇತಿ, ನಳ ಬಿಟ್ಟೇನಿ, ನೀರ ಮಾತ್ರ ಇಳಿವಲ್ದು. ಏನಾತಿದಕ್ಕ?” ಎನ್ನುತ್ತ ಡಬ್ಬಿ ಬಡಿದ, ನಳ ಬಿಚ್ಚಿ ಊದಿದ. ಅಷ್ಟರಲ್ಲಿ ಕೂಸು ಅಳುವುದನ್ನೂ ನಿಲ್ಲಿಸಿತು. ಕಾಕಾ ನಳ ಕೆಳಗಿಟ್ಟು ಅಜ್ಜಿಯ ಕಡೆ ತಿರುಗಿದ. “ತಪ್ಪ ನಂದ ಐತ್ರಿ ಅವ್ವಾರ. ಈ ಮಶೀನ ನಂಬಿ ಬಾಣಂತೀನ ಕರಕೊಂಡ ಬರಬಾರದಿತ್ತು.”

ಕೊನೆಗೆ ಕೊಳವೆ ಬಿಚ್ಚಿ, ಒಂದು ಕಣ್ಣು ಮುಚ್ಚಿ, ಬಿಸಿಲಿಗೆ ಹಿಡಿದ. ಕಡ್ಡಿಯಿಂದ ಚುಚ್ಚಿದಾಗ ಹೂಬತ್ತಿಗಳು ಅಂಗೈಗೆ ಬಿದ್ದವು. ಯಾರವೆಂದು ಅವನಿಗೆ ತಿಳಿಯದೇನು? ಮುಷ್ಟಿ ಮುಚ್ಚಿಕೊಂಡು “ಕಸ ಕುಂತಿತ್ರಿ,” ಎಂದ.

“ಕಸ ಅಲ್ಲೋ ಹುಸೇನಪ್ಪಾ, ನನ್ನ ಬತ್ತಿ ಅವು. ನಾನ ತುರುಕಿದ್ದು,” ಎಂದಳು ಅಜ್ಜಿ. “ನನ್ನ ದೊಡ್ಡ ಮಗಳು ಹಡದ ಒಂಬತ್ತನೇ ದಿನ ಹೋದಳಪಾ. ಸೆಕಿ ಸೆಕಿ ಅಂತಾಳಂತ ಕಿಡಕಿ ತಗದಾಕಿ ನಾನ.”

ನನಗೆ ಅಂಥ ಒಬ್ಬ ಅತ್ತೆ ಇದ್ದಳೆಂಬುದು ಗೊತ್ತಾದದ್ದೇ ಆಗ.

ಕಾಕಾ ತಟ್ಟಿಯನ್ನು ಬಿಚ್ಚಿ ಮುಂದೆ, ತನ್ನ ಪಕ್ಕದ ಕಿಟಕಿಗೆ ಕಟ್ಟಿ, ಕೊಳವೆ ಜೋಡಿಸಿ ನೀರು ಬಿಟ್ಟ. “ಥಂಡಿ ಮೊದಲ ನನಗ ಬಡೀಲಿ ಅವ್ವಾರ. ಉಳದಿದ್ದಷ್ಟ ಕೂಸಿಗೆ ಬರತೈತಿ.” ಅಜ್ಜಿ ಅಕ್ಕನ ಕಿವಿಗೆ ಅರಿವೆ ಬಿಗಿದು, ಅದೇ ಒದ್ದೆ ಬತ್ತಿಯಿಂದ ಕೂಸಿನ ಹಣೆ ಒರೆಸಿದಳು. ಗಾಡಿ ಸ್ವಲ್ಪ ದೂರ ಓಡಿತ್ತೋ ಇಲ್ಲವೋ, ಕೂಸು ಕಿಟಾರನೆ ಕಿರುಚಿತು. ಅಳು ಕೇಳಿ ಎಲ್ಲರೂ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕಾಕಾ ಮಾತ್ರ ಮುಂದೆ ಮೂರು ದಿನ ಸೀನಿದನಂತೆ.

ನಾನು ಮೊದಲೇ ಬಾಯಿಬಿಟ್ಟಿದ್ದರೆ ಕೂಸು ಅಷ್ಟು ಬಳಲುತ್ತಿರಲಿಲ್ಲ. ಆ ನಾಚಿಕೆಯನ್ನು ಮುಚ್ಚಿಕೊಳ್ಳಲೆಂದೋ ಏನೋ, ಎಷ್ಟೋ ವರ್ಷ ಇದನ್ನು ಅಜ್ಜಿಯ ಹುಚ್ಚುತನವೆಂದು ಹೇಳಿ ಜನರನ್ನು ನಗಿಸಿದ್ದೇನೆ.

“ಫ್ಯೂಜ್ ಸುಟ್ಟಿತ್ರಿ, ಬ್ಯಾರೆ ಹಾಕೇನಿ,” ಎಂದು ಗ್ಯಾರೇಜಿನವನು ಗುಂಡಿ ಒತ್ತಿದ. ತಣ್ಣನೆ ಗಾಳಿ ನೇರ ಮೊಮ್ಮಗಳ ಕಿವಿಗೆ ನುಗ್ಗಿತು. ‘ಆರಿಸಪ್ಪಾ’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಕೈ ಚಾಚಿ ಗಾಳಿಯ ಬಾಯನ್ನು ನನ್ನ ಮುಖಕ್ಕೆ ತಿರುಗಿಸಿದೆ.

“ಅಜ್ಜಿ, ನಿನಗ ಥಂಡಿ ಆಗೂದಿಲ್ಲೇನು?”

“ಮೊದಲ ನನಗ ಬಡೀಲಿ ಬಿಡವಾ,” ಎಂದೆ.