ಗೋಣಿಯಲ್ಲಿ ಉಳಿದ ಬಿಳಿ ಕೂದಲು

ಡಿಸೆಂಬರ್ 14, ಭಾನುವಾರ. ಬೆಳಗ್ಗೆ ಆರು ಇಪ್ಪತ್ತು. ಮಂಜು ಬಿದ್ದಿದೆ, ಈ ತಿಂಗಳಲ್ಲಿ ಇದು ಒಂಬತ್ತನೇ ಸಲ.

ನೀರೊಲೆಗೆ ಸೌದೆ ತರಲು ಹೋಗಿದ್ದೆ. ಸೌದೆಗೆ ಹೊದಿಸಿದ್ದ ಹಳೇ ಗೋಣಿಚೀಲದ ಎಳೆಗಳಲ್ಲಿ ಬಿಳಿ ಕೂದಲು ಸಿಕ್ಕಿಕೊಂಡಿತ್ತು. ಬೆರಳಲ್ಲಿ ಉಜ್ಜಿದೆ. ಮೊಲದ ಕೂದಲು. ಏಳು ವರ್ಷದ ಧೂಳಿನಲ್ಲೂ ಬಿಳಿಯಾಗೇ ಇದೆ… ಆ ಚೀಲ ಪಕ್ಕದ ಮನೆಯ ಅಕ್ಕನದು.

ಅಕ್ಕ ನಮಗೆ ನೆಂಟರಲ್ಲ. ಕೃಷ್ಣರಾಜನಗರದ ಕಡೆಗೆ ಮದುವೆಯಾಗಿ ಹೋಗಿದ್ದವರು, ಗಂಡನ ಹೊಡೆತ ತಾಳದೆ ಹುಣಸೂರು ಸೀಮೆಯ ನಮ್ಮೂರಿಗೆ, ಅಣ್ಣನ ಮನೆಗೆ ವಾಪಸ್ ಬಂದಿದ್ದರು. ನಾನಾಗ ಒಂಬತ್ತನೇ ಕ್ಲಾಸು. ಅಕ್ಕ ಕಿವಿಯ ಓಲೆ ಮಾರಿ ಐದು ಮೊಲ ತಂದು, ಹಿತ್ತಿಲ ಸೀಬೆಮರದಡಿ ಗೂಡು ಮಾಡಿಸಿದರು. ಮರಿ ಮಾರಿ ತನ್ನ ಅನ್ನ ತಾನು ಉಣ್ಣಬೇಕೆಂಬ ಆಸೆ. ಅಣ್ಣ ಒಪ್ಪಿದ್ದು ಅರ್ಧ ಮನಸ್ಸಿನಿಂದ. "ಈ ಚಳಿಗಾಲ ದಾಟ್ಸು, ನೋಡಾನ. ಇಲ್ದಿದ್ರೆ ಗಂಡನ ಮನೆ ಇದ್ದೇ ಅದೆ," ಎಂದಿದ್ದರು.

ಸಂಜೆಯಾದರೆ ಅಕ್ಕ ಗೂಡಿನ ಮೂರು ಕಡೆಗೆ ಗೋಣಿಚೀಲ ಇಳಿಬಿಟ್ಟು, ಗಾಳಿ ಬೀಸದ ಒಂದು ಕಡೆಯನ್ನು ತೆರೆದೇ ಇಡುತ್ತಿದ್ದರು. ಬೆಳಗ್ಗೆ ಒದ್ದೆ ಹುಲ್ಲು ತೆಗೆದು ಒಣಹುಲ್ಲು ಹಾಸುತ್ತಿದ್ದರು. ಸ್ಕೂಲಿಗೆ ಹೋಗುವ ಮುಂಚೆ ನಾನು ಬೇಲಿಯಾಚೆಯಿಂದ ಕಿವಿಗಳನ್ನು ಎಣಿಸುತ್ತಿದ್ದೆ.

ಅವರ ಅತ್ತಿಗೆಗೆ ಅದು ಕಣ್ಣುರಿ. ನಲ್ಲಿಯ ಹತ್ತಿರ ನಾಲ್ಕು ಜನರೆದುರು ಅಂದರು: "ತಾನು ಎಲ್ಡು ಕಂಬ್ಳಿ ಹೊದ್ಕತಾಳೆ, ಮೂಕಪ್ರಾಣಿ ಮಾತ್ರ ಮಂಜಿಗೆ!"

"ಅವು ಕಂಬ್ಳಿ ಹೊದ್ಕಂಡೇ ಹುಟ್ಟವೆ ಕಣತ್ತಿಗೆ," ಎಂದು ಅಕ್ಕ ನಕ್ಕಿದ್ದರು.

ಒಂದು ದಿನ ಹೆಣ್ಣು ಮೊಲವೊಂದು ತನ್ನ ಹೊಟ್ಟೆಯ ಕೂದಲನ್ನೇ ಕಿತ್ತು ಮೂಲೆಯಲ್ಲಿ ಹಾಸಿಕೊಂಡಿತು. "ಇವತ್ತೋ ನಾಳೆಯೋ ಮರಿ ಹಾಕ್ತದೆ ಕಣೇ," ಎಂದು ಅಕ್ಕ ನನ್ನನ್ನು ಕರೆದು ತೋರಿಸಿದರು. ಅವರ ಕೈ ಸುಡುತ್ತಿತ್ತು. ಜ್ವರ. ಆ ಸಂಜೆ ಬೇಗ ಮಲಗಿಬಿಟ್ಟರು.

ಹೊಲದಿಂದ ಬಂದ ಅಣ್ಣ ಗೂಡಿನ ತೆರೆದ ಕಡೆಯನ್ನು ನೋಡುತ್ತ ನಿಂತರು. ಮಂಜು ಆಗಲೇ ಇಳಿಯುತ್ತಿತ್ತು. ಅವರಿಗೆ ಮರುಕ ಬಂದಿರಬೇಕು… ಹೊಗೆಸೊಪ್ಪು ಬೇಯಿಸಿ ಒಣಗಿಸುವ ಕೋಣೆ, ಬ್ಯಾರನ್, ಆ ವರ್ಷದ ಕೆಲಸ ಮುಗಿದು ಖಾಲಿ ಬಿದ್ದಿತ್ತು. ಗೂಡನ್ನು ಹಾಗೇ ಎತ್ತಿ ಅದರೊಳಗೆ ಇಟ್ಟರು. ಇನ್ನೊಂದು ಕಡೆ ಹಿಡಿದವರು ನಮ್ಮಪ್ಪ. ಒಲೆಗೆ ಎರಡು ಕೊರಡು ತಳ್ಳಿ, ಬೆಚ್ಚಗಿರಲಿ ಎಂದು ಕಿಂಡಿ, ಬಾಗಿಲು ಎಲ್ಲ ಮುಚ್ಚಿದರು. ಎಲೆ ಎಷ್ಟು ಬಿಸಿ ತಡೆಯುತ್ತದೆಂದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಮೊಲ ಎಷ್ಟು ತಡೆಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಬೆಳಗ್ಗೆ ಬಾಗಿಲು ತೆಗೆದದ್ದು ಅಕ್ಕನೇ. ಹಿಂದೆ ನಿಂತಿದ್ದ ನನ್ನ ಮುಖಕ್ಕೂ ಝಳ ಬಡಿಯಿತು. ಐದೂ ಮೊಲ ಉದ್ದಕ್ಕೆ ಚಾಚಿಕೊಂಡು, ಬಾಗಿಲ ಕಡೆಯ ತಂತಿಬಲೆಗೆ ಮೂತಿ ಒತ್ತಿ ಸತ್ತಿದ್ದವು. ಕೂದಲಿನ ಹಾಸಿನಲ್ಲಿ ಮರಿಗಳೂ ಇದ್ದವು. ನಾನು ಅವನ್ನು ಎಣಿಸಲಿಲ್ಲ.

"ಬೆಚ್ಚಗಿರ್ಲಿ ಅಂತ ಕಣವ್ವ…" ಎಂದರು ಅಣ್ಣ.

"ಗೊತ್ತು ಬುಡಣ್ಣ."

ಹೋಗು ಎಂದು ಅಣ್ಣ ಹೇಳಲಿಲ್ಲ. ಆ ವಾರವೇ ಅಕ್ಕ ತಾವಾಗೇ ಬಟ್ಟೆ ಕಟ್ಟಿದರು. ನಮ್ಮಮ್ಮ ಬೇಲಿ ಹತ್ತಿರ ತಡೆದು, "ಇರವ್ವ, ಇನ್ನೊಂದ್ ಜೊತೆ ತಂದ್ರಾಯ್ತು," ಎಂದರು.

"ಏನ್ ಮಾರಿ ತರ್ಲಿ? ಇರೋದು ಎಲ್ಡೇ ಕಿವಿ," ಎಂದು ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಗೂಡಿನ ಗೋಣಿಚೀಲ ಕೊಟ್ಟು, "ಸೌದೆಗೆ ಹೊದ್ಸಿ," ಎಂದು ಗಂಡನೂರಿನ ಬಸ್ಸಿಗೆ ನಡೆದರು.

ಬೇಸಿಗೆಯಲ್ಲಿ ಅಣ್ಣ ಅವರನ್ನು ಕರೆತರಲು ಹೋದರು. ಆ ಮನೆಗೆ ಬೀಗ. ಗಂಡ ಹೆಂಡತಿ ಎಲ್ಲಿಗೆ ಹೋದರೆಂದು ಅಕ್ಕಪಕ್ಕದವರಿಗೂ ಗೊತ್ತಿರಲಿಲ್ಲ. ಮತ್ತೆ ಎರಡು ಸಲ ಹೋಗಿಬಂದರು… ಮೊಲಕ್ಕೆ ಚಳಿಗಿಂತ ಸೆಕೆಯೇ ಕಷ್ಟವೆಂದು ದನದ ಡಾಕ್ಟರು ಅವರಿಗೆ ಹೇಳಿದ್ದು ಆಮೇಲೆ. ಈಗಲೂ ಮಂಜು ಬಿದ್ದ ದಿನ ಅಣ್ಣ ಹಿತ್ತಿಲ ಕಡೆ ಬರುವುದಿಲ್ಲ.

ಕೂದಲನ್ನು ಗೋಣಿಯಲ್ಲೇ ಬಿಟ್ಟಿದ್ದೇನೆ. ಬರಿಗಿವಿಯ, ನಗುವಾಗ ಬಾಯಿಗೆ ಸೆರಗು ಹಿಡಿಯುವ ಹೆಂಗಸನ್ನು ಕೃಷ್ಣರಾಜನಗರದ ಸುತ್ತಮುತ್ತ ಬಲ್ಲವರಿದ್ದರೆ ದಯವಿಟ್ಟು ಈ ಪತ್ರಿಕೆಗೆ ಒಂದು ಸಾಲು ಬರೆಯಿರಿ. ಮೊಲ ಸಾಕಿದ್ದಾರೋ ಇಲ್ಲವೋ ಎಂಬುದು ಬೇಡ. ಬದುಕಿದ್ದಾರೆ ಎಂದಷ್ಟೇ ತಿಳಿದರೆ ಸಾಕು.