ಖಾಲಿಯಾದ ಒಂಬತ್ತು ನಂಬರುಗಳು

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಕುಷ್ಟಗಿಯ ಒಂದು ಮಹಿಳಾ ಸಂಘದಲ್ಲಿ ಟೈಪು ಮಾಡುವ ಕೆಲಸಕ್ಕೆ ಸೇರಿದೆ. ತಳಕಲ್ಲಿನ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ಕಂಪ್ಯೂಟರ್ ಮುಂದೆ ಕೂತರೆ ಯಾರೊಡನೆಯೂ ಮಾತಾಡಬೇಕಿಲ್ಲ ಎಂಬ ಧೈರ್ಯದಿಂದಲೇ ಒಪ್ಪಿಕೊಂಡಿದ್ದೆ.

ಹೊಲಿಗೆ ತರಬೇತಿಗೆ ಹೆಸರು ಕೊಡಲು ನನ್ನ ಸೊಸೆ, ಅಂದರೆ ನಿಮ್ಮ ಅವ್ವ, ಮೊಬೈಲಿನಲ್ಲಿ ತುಂಬುವ ಒಂದು ಪುಟ ಮಾಡಿಕೊಟ್ಟಿದ್ದಳು. ಹೆಣ್ಣುಮಕ್ಕಳು ಫೋನ್ ಮಾಡಿ ಕೇಳಿದರೆ, "ಎಲ್ಲಾ ಕನ್ನಡದಾಗ ಬರೀರಿ, ಅಂಜಬ್ಯಾಡ್ರಿ" ಎನ್ನುತ್ತಿದ್ದೆ. ಅವರು ನಂಬರಿನ ನಡುವೆ ಜಾಗ ಬಿಟ್ಟರು, ಗೆರೆ ಎಳೆದರು, "ಇದು ನಮ್ಮ ಮೈದುನಂದು, ಸಂಜಿಗೆ ಮಾಡ್ರಿ" ಎಂದೂ ಸೇರಿಸಿದರು. ಬರೀ ಅಂಕಿ ಇದ್ದರೆ ಮಾತ್ರ ಮೆಸೇಜು ಹೋಗುತ್ತಿತ್ತು. ಮೆಸೇಜು ಮುಟ್ಟದವರಿಗೆ ತರಬೇತಿ ತಪ್ಪಿದಂತೆಯೇ.

ನಿಮ್ಮ ಅವ್ವ ಗಂಗಾವತಿಯಿಂದ ಫೋನಿನಲ್ಲೇ ಜಾವಾಸ್ಕ್ರಿಪ್ಟಿನ ಒಂದು ಸಾಲು ಬರೆಸಿದಳು: phone.replace(/\D/g, ""). phone ಎಂದರೆ ಅವರು ಕೊಟ್ಟ ನಂಬರು, replace ಎಂದರೆ ಬದಲಿಸು. ಎರಡು ಓರೆ ಗೆರೆಗಳ ನಡುವಿನದು ಹುಡುಕಬೇಕಾದ್ದು. \D ಎಂದರೆ ಅಂಕಿಯಲ್ಲದ್ದು. g ಇದ್ದರೆ ಮೊದಲನೆಯದಕ್ಕೇ ನಿಲ್ಲದೆ ಕೊನೆಯವರೆಗೂ ಹುಡುಕುತ್ತದೆ. ಸಿಕ್ಕಿದ್ದರ ಜಾಗದಲ್ಲಿ ಏನೂ ಇಡಬೇಡ ಎನ್ನಲು ಕೊನೆಯ ಆ ಖಾಲಿ ಗುರುತು.

ಓಡಿಸಿದೆ. ಪಟ್ಟಿ ಹಸನಾಯಿತು. ಆದರೆ ಒಂಬತ್ತು ಹೆಸರುಗಳ ಮುಂದೆ ಏನೂ ಉಳಿದಿರಲಿಲ್ಲ.

"ನಂಬರ್ ಕೊಟ್ಟಿಲ್ಲಂದ್ರ ಬಿಟ್ಟುಬಿಡ್ರಿ ಅಕ್ಕಾರ," ಎಂದರು ಸಂಘದ ಮೇಲ್ವಿಚಾರಕರು. "ಬ್ಯಾರೆಯವರು ಕಾಯಾಕತ್ಯಾರ. ಮೂರಕ್ಕ ಮೆಸೇಜ್ ಹೋಗಬೇಕು."

ಹೆಣ್ಣುಮಕ್ಕಳು ತುಂಬಿದ್ದ ಮೂಲ ಪಟ್ಟಿಯನ್ನು ತೆರೆದೆ. ಹುಲಿಹೈದರದ ಒಬ್ಬಾಕೆ, ನನ್ನಂತೆಯೇ ಗಂಡನಿಲ್ಲದವಳು, ಹತ್ತೂ ಅಂಕಿಗಳನ್ನು ಕನ್ನಡದಲ್ಲಿ ಬರೆದಿದ್ದಳು. ಉಳಿದ ಎಂಟು ಮಂದಿಯೂ ಹಾಗೆಯೇ. \D ಲೆಕ್ಕದಲ್ಲಿ 0ಯಿಂದ 9 ಮಾತ್ರ ಅಂಕಿ, ನಮ್ಮ ೦ಯಿಂದ ೯ ಎಲ್ಲವೂ ಕಸ. ಹಾಗೆ ಬರೆಯಲು ಹೇಳಿದವಳು ನಾನೇ.

"ಕೊಟ್ಟಾರ್ರಿ ಸರ. ತಪ್ಪು ನಂದೈತಿ. ಸರಿ ಮಾಡೋತನಕ ಕಳಸಂಗಿಲ್ರಿ."

ಅವರು ಕನ್ನಡಕ ತೆಗೆದು ನೋಡಿದರು. "ನಿಮಗ ಎದುರು ಮಾತಾಡಾಕೂ ಬರ್ತೈತೇನ್ರಿ?"

ಸೊಸೆಗೆ ಫೋನ್ ಮಾಡಿದೆ. "ಒಂಬತ್ತ ಅದಾವಲ್ರಿ ಅತ್ತಿ, ಕೈಲೇ ಟೈಪ್ ಹೊಡೀರಿ," ಎಂದಳು.

"ನಾಳೆ ತೊಂಬತ್ತು ಬಂದ್ರ? ದಾರಿ ಹೇಳವಾ."

ಹೇಳಿದಳು. ಮೊದಲು /[೦-೯]/g ಎಂದು ಕನ್ನಡದ ಅಂಕಿಗಳನ್ನು ಹಿಡಿದು, ಒಂದೊಂದನ್ನೂ ಅದೇ ಬೆಲೆಯ ಇಂಗ್ಲಿಷ್ ಅಂಕಿಗೆ ಬದಲಿಸುವುದು. ಕಸ ತೆಗೆಯುವುದು ಆಮೇಲೆ. ಅವಸರದಲ್ಲಿ ನಾನು ಹಿಂದುಮುಂದು ಮಾಡಿದೆ, ಮತ್ತೆ ಖಾಲಿ. ಸಾಲು ಅದಲುಬದಲು ಮಾಡಿ ಓಡಿಸಿದಾಗ ಒಂಬತ್ತೂ ತುಂಬಿದವು.

ಮೆಸೇಜು ಹೋದ ಸ್ವಲ್ಪ ಹೊತ್ತಿಗೇ ಹುಲಿಹೈದರದಾಕೆಯ ಫೋನು ಬಂತು.

"ಕತ್ರಿ ನಾವ ತರಬೇಕೇನ್ರಿ ಅಕ್ಕಾರ?"